ಹಿಂಬದಿಯ ಟ್ಯಾಂಕು

ನೀರಿನ ಟ್ಯಾಂಕಿನ ಮುಚ್ಚಳದ ಕೆಳಗೆ ಇಟ್ಟಿಗೆ ಸಿಕ್ಕಿಸಿದವನು ನಾನೇ ಇರಬೇಕು. ಇರಬೇಕು ಎನ್ನುತ್ತೇನೆ ಅಷ್ಟೆ, ಖಚಿತವಾಗಿ ಗೊತ್ತಿಲ್ಲ. ಇಟ್ಟಿಗೆಯ ಬಿಸಿ ಅಂಗೈಗೆ ತಾಗಿದ್ದು ನೆನಪಿದೆ. ಅದು ಇಡುವಾಗ ತಾಗಿದ್ದೋ, ಎರಡು ತಿಂಗಳ ನಂತರ ತೆಗೆಯುವಾಗ ತಾಗಿದ್ದೋ ಹೇಳಲಾರೆ. ಒಂದೇ ಬಿಸಿಯನ್ನು ನನ್ನ ತಲೆ ಎರಡೂ ಕಡೆ ಬಳಸಿಕೊಳ್ಳುತ್ತಿದೆ.

ಈ ಸಂಗತಿಯನ್ನು ಗೆಳೆಯರ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಹೇಳುತ್ತ ಹೇಳುತ್ತ ನಾನು ಜಾಣನಾಗುತ್ತ ಬಂದಿದ್ದೇನೆ. ಮೊದಮೊದಲು ಟ್ಯಾಂಕಿನ ವಿಷಯ ಪತ್ತೆ ಹಚ್ಚಿದವಳು ನನ್ನ ಹೆಂಡತಿ ಆಗಿದ್ದಳು. ಆಮೇಲೆ ನಾವಿಬ್ಬರೂ ಸೇರಿ ಪತ್ತೆ ಹಚ್ಚಿದೆವು. ಮೊನ್ನೆ ಊಟಕ್ಕೆ ಬಂದವರೆದುರು ನಾನೊಬ್ಬನೇ ಏಣಿ ಹತ್ತಿಬಿಟ್ಟಿದ್ದೆ. ಸಾರು ಬಡಿಸುತ್ತಿದ್ದ ಅವಳು ಸೌಟು ಹಿಡಿದುಕೊಂಡೇ, "ಹೌದಾ? ಆಗ ನಾನೆಲ್ಲಿದ್ದೆ ರೀ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ರಾತ್ರಿಯ ಊಟ ರುಚಿಸಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಸಾಕ್ಷಿಯನ್ನು ಅನುಮಾನಿಸಬೇಕು ಎಂದು ಎರಡು ವರ್ಷ ಕಲಿತವನು ಸ್ವಂತ ಸಾಕ್ಷಿಯ ವಿಷಯದಲ್ಲಿ ಇಷ್ಟು ಉದಾರಿಯಾಗಬಾರದಿತ್ತು. ಹಾಗಾಗಿ ಈಗ ಬರೆದಿಡುತ್ತಿದ್ದೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ನಾವು ಆಗ ದೋಹಾದ ಅಲ್ ಅಜೀಜಿಯಾ ಬಡಾವಣೆಯ ಒಂದು ವಿಲ್ಲಾದಲ್ಲಿದ್ದೆವು. ವಿಲ್ಲಾ ಎಂದು ಮೈಸೂರಿನ ನೆಂಟರಿಗೆ ಫೋನಿನಲ್ಲಿ ಹೇಳಿದರೆ ಅವರು ತೋಟ, ಕಾರಂಜಿ ಎಲ್ಲ ಊಹಿಸಿಕೊಳ್ಳುತ್ತಿದ್ದರು. ಒಂದು ದೊಡ್ಡ ಕುಟುಂಬಕ್ಕೆಂದು ಕಟ್ಟಿದ ಎರಡಂತಸ್ತಿನ ಮನೆ ಅದು. ಒಬ್ಬ ಉಸ್ತುವಾರಿ ಅದನ್ನು ಪೂರ್ತಿ ಬಾಡಿಗೆಗೆ ಹಿಡಿದು, ಜಿಪ್ಸಂ ಹಲಗೆಯ ಗೋಡೆ ಎಬ್ಬಿಸಿ, ಆರು ಸಂಸಾರಗಳಿಗೆ ಹಂಚಿದ್ದ. ನಮ್ಮ ಪಾಲಿಗೆ ಬಂದದ್ದು ಹಿಂಬದಿಯ ಒಂದು ಕೋಣೆ, ಮೊದಲು ಇಸ್ತ್ರಿ ಕೋಣೆಯಾಗಿದ್ದ ಅಡುಗೆಮನೆ, ಒಂದು ಬಚ್ಚಲು. ನಮ್ಮ ಕೋಣೆಯ ಮೇಲ್ಛಾವಣಿಯಲ್ಲಿ ಪಿಂಗಾಣಿ ಬಣ್ಣದ ಹೂಬಳ್ಳಿಯ ಅಲಂಕಾರ ಅರ್ಧಕ್ಕೇ ನಿಂತು, ಉಳಿದರ್ಧ ಪಕ್ಕದ ಮನೆಗೆ ಹೋಗಿತ್ತು. ಆ ಮನೆಯಲ್ಲಿ ಒಗ್ಗರಣೆ ಸಿಡಿದರೆ ನಮ್ಮಲ್ಲಿ ಸೀನು.

ಆದರೂ ಅದು ನನ್ನ ಪಾಲಿಗೆ ಗೆದ್ದ ಜಾಗ. ಅದಕ್ಕೆ ಮೊದಲು ನಾಲ್ಕು ವರ್ಷ ಬ್ಯಾಚುಲರ್ ಕೋಣೆಯಲ್ಲಿ ಐದು ಜನರ ಜೊತೆ ಇದ್ದವನು. ಸಂಬಳ ಏರಿ, ಫ್ಯಾಮಿಲಿ ವೀಸಾ ಸಿಕ್ಕಿ, ಹೆಂಡತಿಯನ್ನೂ ಎಂಟು ತಿಂಗಳ ಮಗಳನ್ನೂ ಕರೆಸಿಕೊಂಡ ಮೊದಲ ವರ್ಷ ಅದು.

ನನ್ನ ಕೆಲಸ ಅಲ್ ಸದ್ದ್‌ನ ಒಂದು ಕಚೇರಿಯಲ್ಲಿ, ಡಾಕ್ಯುಮೆಂಟ್ ಕಂಟ್ರೋಲರ್ ಎಂದು. ಊರೆಲ್ಲ ಅಗೆಯುತ್ತಿದ್ದ ಕಾಲ ಅದು. ಒಳಚರಂಡಿ ಕೊಳವೆಗಳ ನಕ್ಷೆಗಳು ಬರುತ್ತಿದ್ದವು, ನಾನು ಅವುಗಳಿಗೆ ಸಂಖ್ಯೆ ಕೊಟ್ಟು, ಹಳೆಯದಕ್ಕೆ 'ರದ್ದು' ಎಂದು ಮುದ್ರೆ ಹೊಡೆದು, ಹೊಸದನ್ನು ಸೈಟಿಗೆ ಕಳಿಸುತ್ತಿದ್ದೆ. ನಮ್ಮ ಬೀದಿಯ ನಕ್ಷೆಯೂ ನನ್ನ ಕೈಯಲ್ಲೇ ಹಾದುಹೋಗಿತ್ತು. ನಕ್ಷೆಯಲ್ಲಿ ನಮ್ಮ ಗೇಟಿನ ಮುಂದೆ ಕೊಳವೆ ಇತ್ತು. ನೆಲದಲ್ಲಿ ಇನ್ನೂ ಇರಲಿಲ್ಲ. ಅಲ್ಲಿಯವರೆಗೆ ಆರು ಸಂಸಾರದ ಕೊಳೆಯೆಲ್ಲ ಗೇಟಿನ ಪಕ್ಕದ ಗುಂಡಿಗೆ ಸೇರುತ್ತಿತ್ತು. ಒಂದು ಸಂಸಾರಕ್ಕೆಂದು ತೋಡಿದ ಗುಂಡಿ, ವಾರಕ್ಕೊಮ್ಮೆ ತುಂಬಿ ಉಕ್ಕುತ್ತಿತ್ತು. ಟ್ಯಾಂಕರ್ ಬಂದು ಎಳೆದುಕೊಂಡು ಹೋದರೆ ಎರಡು ದಿನ ನೆಮ್ಮದಿ.

ಆ ಬೇಸಿಗೆಯಲ್ಲಿ ಮಗಳಿಗೆ ಭೇದಿ ಶುರುವಾಯಿತು. ಒಮ್ಮೆ ನಿಂತಿತು. ಹತ್ತು ದಿನಕ್ಕೆ ಮತ್ತೆ ಬಂತು. ಮೂರನೇ ಸಲ ಬಂದಾಗ ಅವಳು ಅಳುವುದನ್ನೂ ಬಿಟ್ಟು ಭುಜದ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿದ್ದಳು. ಹೆಲ್ತ್ ಸೆಂಟರಿನ ಡಾಕ್ಟರ್ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಯಾವ ನೀರು ಕುಡಿಸ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕ್ಯಾನ್ ನೀರು ಎಂದೆವು. ಅದು ನಿಜವೇ. ಇಲ್ಲಿ ಯಾರೂ ನಲ್ಲಿ ನೀರು ಕುಡಿಯುವುದಿಲ್ಲ, ನಾವೂ ಕುಡಿಯುತ್ತಿರಲಿಲ್ಲ. ಅವರು ತಲೆಯಾಡಿಸಿ ಓ.ಆರ್.ಎಸ್. ಪುಡಿ ಬರೆದುಕೊಟ್ಟರು.

ಟ್ಯಾಕ್ಸಿಯಲ್ಲಿ ಮರಳುವಾಗ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು. ಈ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ, ಅವಳಿಗೂ ಇಲ್ಲ.

"ಇನ್ನೊಂದು ಸಲ ಹಿಂಗಾದ್ರೆ ನಾನು ಇವಳನ್ನ ಕರ್ಕೊಂಡು ಮೈಸೂರಿಗೆ ಹೋಗ್ತೀನಿ. ವಾಪಸ್ ಬಾ ಅಂತ ಕರೀಬೇಡಿ."

"ಆರು ತಿಂಗಳು ದಾಟಿದ್ರೆ ವೀಸಾ ಹೋಗುತ್ತೆ," ಎಂದೆ. ಅಂಥ ಹೊತ್ತಿನಲ್ಲಿ ಹೇಳಬಾರದ ಮಾತು.

"ಹೋಗ್ಲಿ. ಮಗು ಉಳಿಯುತ್ತಲ್ಲ."

ನನಗೆ ಮತ್ತೆ ಆ ಆರು ಮಂಚಗಳ ಕೋಣೆ ಕಣ್ಣ ಮುಂದೆ ಬಂತು. ಮಗಳು ಫೋನಿನ ಪರದೆಯಲ್ಲಿ ಬೆಳೆಯುತ್ತಾಳೆ, ನಾನು ಶುಕ್ರವಾರಗಳಲ್ಲಿ ಅವಳಿಗೆ ಕೈ ಬೀಸುತ್ತೇನೆ. ನಾಲ್ಕು ವರ್ಷ ಕಾದು ಪಡೆದದ್ದು ಎಂಟೇ ತಿಂಗಳಿಗೆ ಮುಗಿಯುವುದರಲ್ಲಿತ್ತು. ಕಾರಣ ಹುಡುಕಲೇಬೇಕಿತ್ತು, ಬೇಗ.

ಕಾರಣ ನನಗೆ ಮೂಗಿಗೇ ಬಡಿಯುತ್ತಿತ್ತು. ಗೇಟಿನ ಗುಂಡಿ!

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಎಂ.ಎ.ಯಲ್ಲಿ ನನ್ನ ಪ್ರಬಂಧದ ವಿಷಯವೇ ಹತ್ತೊಂಬತ್ತನೇ ಶತಮಾನದ ಗಿರಣಿ ಪಟ್ಟಣಗಳ ಬದುಕು. ಗಿರಣಿ ಎದ್ದ ಕಡೆ ಹಳ್ಳಿಯವರೆಲ್ಲ ಬಂದು ತುಂಬಿಕೊಂಡದ್ದು, ಒಂದು ಮನೆಯನ್ನು ನಾಲ್ಕಾಗಿ ಸೀಳಿ ಬಾಡಿಗೆಗೆ ಕೊಟ್ಟದ್ದು, ಒಂದು ಕೈಪಂಪಿಗೆ ಇಡೀ ಓಣಿ ಸಾಲು ನಿಂತದ್ದು, ಎಲ್ಲ ಬರೆದಿದ್ದೆ. ಆ ಕಾಲದ ದೊಡ್ಡ ದೊಡ್ಡ ವೈದ್ಯರು ಕಾಲರಾಕ್ಕೆ ಕೆಟ್ಟ ಗಾಳಿಯೇ ಕಾರಣ ಎಂದು ನಂಬಿ, ದುರ್ವಾಸನೆಯ ಹಿಂದೆ ಓಡಾಡುತ್ತ, ಕಣ್ಣೆದುರಿನ ನೀರನ್ನು ಬಿಟ್ಟುಬಿಟ್ಟರು ಎಂದು ಇಪ್ಪತ್ತು ಪುಟಗಳಷ್ಟು ಅವರನ್ನು ಗೇಲಿ ಮಾಡಿದ್ದೆ. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು.

ಅದೇ ನಾನು ಮೂರು ವಾರ ವಾಸನೆಯ ಹಿಂದೆ ಓಡಿದೆ. ಹಿಂಬದಿಯ ಕಿಟಕಿಗೆಲ್ಲ ಟೇಪು ಅಂಟಿಸಿದೆ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲು. ಬೆಳಿಗ್ಗೆ, ಸಂಜೆ ಸಾಂಬ್ರಾಣಿ. ಉಸ್ತುವಾರಿಗೆ ಕಚೇರಿಯ ಶೈಲಿಯಲ್ಲೇ ಸಂಖ್ಯೆ ಹಾಕಿ ಪತ್ರ ಬರೆದೆ, ಉತ್ತರ ಬರದಿದ್ದಾಗ ಅದೇ ಪತ್ರವನ್ನು 'ಪರಿಷ್ಕರಣೆ ಒಂದು', 'ಪರಿಷ್ಕರಣೆ ಎರಡು' ಎಂದು ಕಳಿಸಿದೆ. ಆತ ಬಂದು ಗುಂಡಿಯ ಪಕ್ಕ ನಿಂತು, "ಮಾಫಿ ಮುಷ್ಕಿಲ್, ಕಲ್ ಟ್ಯಾಂಕರ್ ಆಯೇಗಾ, ಖಲಾಸ್," ಎಂದು ಹೇಳಿ ಕಾರು ಹತ್ತಿದ. ತೊಂದರೆ ಏನೂ ಇಲ್ಲ, ನಾಳೆ ಟ್ಯಾಂಕರ್ ಬರುತ್ತದೆ ಎಂದು ಹೇಳುವಾಗ ಆತನೂ ಮೂಗು ಮುಚ್ಚಿಕೊಂಡಿದ್ದ.

ವಿಲ್ಲಾದ ಮುಂಬದಿಯಲ್ಲಿ, ಗುಂಡಿಯ ನೇರ ಎದುರಿನ ಕೋಣೆಯಲ್ಲಿ, ಉಡುಪಿ ಕಡೆಯ ದಂಪತಿ ಇದ್ದರು. ಗಂಡ ಎ.ಸಿ. ರಿಪೇರಿ ಮಾಡುವವರು. ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ. ನನಗಿಂತ ಹಿರಿಯರಾದ್ದರಿಂದ ಅವರನ್ನು ಅಣ್ಣ ಎಂದೂ, ಅವರ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತಿದ್ದೆವು. ಇಲ್ಲಿಗೆ ಬರುವ ಮೊದಲು ಒಂದು ವರ್ಷ ನಾನು ಕಾಲೇಜಿನಲ್ಲಿ ಪಾಠ ಮಾಡಿದ್ದೆ ಎಂದು ಗೊತ್ತಾದ ದಿನದಿಂದ ಅಣ್ಣನಿಗೆ ನಾನು ಮಾಷ್ಟ್ರು.

"ಮಾಷ್ಟ್ರೆ, ಎಂತ ಮಾರಾಯ್ರೆ ಇದು," ಎಂದು ಒಂದು ಸಂಜೆ ಅವರು ಅಂಗಳದಲ್ಲಿ ಹಿಡಿದರು. "ಗುಂಡಿಯ ವಾಸನೆ ನಮಗೆ ಅಭ್ಯಾಸ ಆಗಿದೆ. ನಿಮ್ಮ ಸಾಂಬ್ರಾಣಿಯದ್ದು ಆಗುವುದಿಲ್ಲ. ಇವಳಿಗೆ ತಲೆನೋವು."

"ಮಗು ಹುಷಾರಿಲ್ಲ ಅಣ್ಣಾ. ಗಾಳಿ ಶುದ್ಧ ಆಗ್ಲಿ ಅಂತ."

"ಗಾಳಿ ಶುದ್ಧ ಮಾಡ್ಲಿಕ್ಕೆ ಕತಾರಿನಲ್ಲಿ ನಿಮ್ಮಿಂದ ಆಗ್ತದಾ? ನನ್ನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಫಿಲ್ಟರಿನಿಂದ ತೆಗೆದ ಧೂಳು ಒಟ್ಟು ಮಾಡಿದ್ರೆ ಒಂದು ಗುಡ್ಡ ಉಂಟು."

ಹಿಂದಿನಿಂದ ಅಕ್ಕ ಬಟ್ಟೆ ಒಣಗಿಸುತ್ತ, "ನಿಮ್ಮ ಗುಡ್ಡದ ಕಥೆ ಸಾಕು, ಮಗು ಹೇಗುಂಟು ಅಂತ ಕೇಳಿ ಮೊದಲು," ಎಂದರು.

ಮಗು ಹಾಗೇ ಇತ್ತು. ಒಂದು ದಿನ ಚೆನ್ನಾಗಿ ಆಡುತ್ತಿತ್ತು, ಎರಡು ದಿನ ಮಲಗುತ್ತಿತ್ತು. ಹೆಂಡತಿ ಟಿಕೆಟ್ ಕಾದಿರಿಸಿ ಎಂದಳು. ನಾನು ಎರಡು ವಾರದ ನಂತರದ ದಿನಕ್ಕೆ ಕಾದಿರಿಸಿದೆ. ಮುಂದೂಡಿದರೆ ಏನಾದರೂ ಆಗಬಹುದು ಎಂಬ ಆಸೆ.

ಆದದ್ದು ಏನೆಂದರೆ, ನನ್ನ ಹೆಂಡತಿ ಅಕ್ಕನ ಮನೆಗೆ ಹೋಗಿ ಒಂದು ಗಂಟೆ ಕೂತಳು. ಮಗು ಅವರ ಮಗನ ಆಟಿಕೆ ನೋಡಿ ನಗುತ್ತಿತ್ತಂತೆ. ಅಕ್ಕನ ಮಗ ನಮ್ಮ ಮಗಳಿಗಿಂತ ಆರು ತಿಂಗಳಿಗೆ ದೊಡ್ಡವನು, ಗುಂಡುಗುಂಡಗೆ ಇದ್ದ. ಅವರ ಕಿಟಕಿಯಿಂದ ಗುಂಡಿಗೆ ನಾಲ್ಕು ಹೆಜ್ಜೆ. ಒಳಗೆ ಕೂತವರು ಸೆರಗಿನಿಂದ ಮೂಗು ಮುಚ್ಚಬೇಕು. ಹೆಂಡತಿ ಮನೆಗೆ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು:

"ವಾಸನೆ ಅವರ ಮನೇಲಿ. ಕಾಯಿಲೆ ನಮ್ಮ ಮನೇಲಿ. ಅದು ಹೆಂಗ್ರೀ?"

ನಾನು ಏನು ಹೇಳಿದೆನೋ ನೆನಪಿಲ್ಲ. "ಗಾಳಿ ಹಿಂದಕ್ಕೆ ಬೀಸುತ್ತೆ" ಎಂದೆನಂತೆ. ಅವಳು ಹಾಗೆನ್ನುತ್ತಾಳೆ. ಹೇಳಿರಲಾರೆ ಎಂದು ವಾದಿಸುವ ಧೈರ್ಯ ನನಗಿಲ್ಲ, ಏಕೆಂದರೆ ನಾನು ಗೇಲಿ ಮಾಡಿದ್ದ ಆ ವೈದ್ಯರೂ ಅಂಥದ್ದೇ ಏನನ್ನೋ ಹೇಳುತ್ತಿದ್ದರು.

ಅವಳು ಇತಿಹಾಸ ಓದಿದವಳಲ್ಲ, ಬಿ.ಕಾಂ. ಮಾಡಿದವಳು. ಸುಮ್ಮನೆ ಮನೆಮನೆಗೆ ಹೋಗಿ ಮಾತಾಡಿಸಿ ಬಂದಳು. ಮುಂಬದಿಯ ಮೂರು ಸಂಸಾರಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಹಿಂಬದಿಯ ಮೂರರಲ್ಲಿ, ನಮ್ಮನ್ನು ಬಿಟ್ಟರೆ, ಮೇಲಿನ ಕೇರಳದವರ ಮಗನಿಗೆ ಎರಡು ಸಲ ಭೇದಿಯಾಗಿತ್ತು. ಶಾಲೆಯ ತಿಂಡಿಯಿಂದ ಎಂದುಕೊಂಡಿದ್ದರು. ಪಕ್ಕದ ಹೊಸ ದಂಪತಿಗೆ ಹೊಟ್ಟೆ ಕೆಟ್ಟಿತ್ತು, ಹೋಟೆಲಿನ ಬಿರಿಯಾನಿಯಿಂದ ಎಂದುಕೊಂಡಿದ್ದರು. ಪ್ರತಿಯೊಬ್ಬರ ಬಳಿಯೂ ಒಂದೊಂದು ಕಾರಣ ಇತ್ತು, ಹಾಗಾಗಿ ಯಾರೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಒಂದು ಬೆರಳು ದಪ್ಪದ ಹಲಗೆಯ ಆಚೆಈಚೆ ಮಲಗುತ್ತಿದ್ದೆವು, ಒಬ್ಬರ ಗೊರಕೆ ಇನ್ನೊಬ್ಬರಿಗೆ ಕೇಳುತ್ತಿತ್ತು, ಆದರೂ.

ಚಾವಣಿಯ ಮೇಲೆ ಎರಡು ಟ್ಯಾಂಕು ಇವೆ ಎಂದು ಹೇಳಿದವರು ಅಣ್ಣ. ಮುಂದಿನ ಮೂರು ಮನೆಗೆ ಒಂದು, ಹಿಂದಿನ ಮೂರು ಮನೆಗೆ ಒಂದು.

"ಆದ್ರೆ ನಾವು ಆ ನೀರು ಕುಡಿಯಲ್ಲ," ಎಂದೆ ನಾನು.

"ಬಾಟ್ಲಿ ಯಾವುದ್ರಲ್ಲಿ ತೊಳೀತೀನಿ?" ಎಂದಳು ಹೆಂಡತಿ. ಹೇಳುತ್ತಲೇ ಅವಳ ಮುಖದ ಬಣ್ಣ ಇಳಿಯಿತು.

ಇಲ್ಲಿಯ ಬೇಸಿಗೆ ಕಂಡಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೂನ್ ಬಂತೆಂದರೆ ನಮ್ಮಲ್ಲಿ ನಲ್ಲಿಗಳ ಕೆಲಸ ಅದಲುಬದಲಾಗುತ್ತದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಚಾವಣಿಯ ಟ್ಯಾಂಕಿನಲ್ಲಿ ಬಿಸಿಲಿಗೆ ಕಾದ ನೀರು ಕೈ ಸುಡುತ್ತದೆ. ಅದಕ್ಕೇ ಎಲ್ಲರೂ ಗೀಸರನ್ನು ಆರಿಸಿಡುತ್ತಾರೆ. ಅದು ಮನೆಯೊಳಗೆ ಎ.ಸಿ.ಯ ತಂಪಿನಲ್ಲಿ ಇರುವುದರಿಂದ ಅದರ ಹೊಟ್ಟೆಯಲ್ಲಿ ನಿಂತ ನೀರು ಆರುತ್ತದೆ. ಆಗ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುತ್ತದೆ. ಹೊಸಬರಿಗೆ ಹಳಬರು ಕಲಿಸಿಕೊಡುವ ಮೊದಲ ಉಪಾಯ ಇದು. ಮಗಳ ಹಾಲಿನ ಬಾಟಲಿ, ಚಮಚ, ದ್ರಾಕ್ಷಿ, ಎಲ್ಲವನ್ನೂ ಹೆಂಡತಿ ಆ ಆರಿದ ನೀರಿನಲ್ಲೇ ತೊಳೆಯುತ್ತಿದ್ದಳು. ಮೇಲೆ ಅಷ್ಟು ಸುಡುವ ನೀರಿನಲ್ಲಿ ಯಾವ ಕ್ರಿಮಿ ಬದುಕೀತು ಎಂದು ಧೈರ್ಯ ಹೇಳಿದ್ದವನು ನಾನು. ಇದು ಖಂಡಿತ ನಾನೇ. ಇದರಲ್ಲಿ ಅನುಮಾನವಿದ್ದಿದ್ದರೆ ಚೆನ್ನಾಗಿತ್ತು.

ಏಣಿ ಹತ್ತಿದ್ದು ಯಾರು? ನನ್ನ ಕಣ್ಣಿಗೆ ಕಟ್ಟಿದಂತೆ ಇರುವ ಚಿತ್ರದಲ್ಲಿ ನಾನು ಮೇಲಿದ್ದೇನೆ. ಸಂಜೆ ಐದೂವರೆ, ಬಿಸಿಲು ಇಳಿಯುತ್ತಿದೆ, ಎ.ಸಿ.ಗಳ ಹೊರಪೆಟ್ಟಿಗೆಗಳು ಸಾಲಾಗಿ ಬಿಸಿಯುಸಿರು ಬಿಡುತ್ತಿವೆ, ದೂರದಲ್ಲಿ ಕ್ರೇನುಗಳು. ಹೆಂಡತಿ ಹೇಳುವ ಪ್ರಕಾರ ಮೇಲೆ ಹತ್ತಿದವರು ಅವಳು ಮತ್ತು ಅಕ್ಕ. ನಾನು ಮಗುವನ್ನು ಎತ್ತಿಕೊಂಡು ಕೆಳಗೆ ನಿಂತು, "ಜೋಪಾನ, ಜೋಪಾನ" ಎನ್ನುತ್ತಿದ್ದೆ. ಹಾಗಾದರೆ ಆ ಕ್ರೇನುಗಳನ್ನು ನಾನು ಎಲ್ಲಿಂದ ನೋಡಿದೆ? ಬೇರೆ ದಿನ ಹತ್ತಿರಬಹುದು. ಜೂನ್ ತಿಂಗಳಲ್ಲಿ ಅಣ್ಣ ನಮ್ಮ ಎ.ಸಿ. ನೋಡಲು ಮೇಲೆ ಹೋದಾಗ ನಾನೂ ಹೋಗಿದ್ದೆ, ಅದು ಮಾತ್ರ ಇಬ್ಬರೂ ಒಪ್ಪುವ ವಿಷಯ.

ಮುಂದಿನ ಟ್ಯಾಂಕಿನ ಮುಚ್ಚಳ ಬೋಲ್ಟು ಹಾಕಿ ಬಿಗಿದಿತ್ತು. ಹಿಂದಿನದು ಒಂದು ಬದಿಗೆ ಎದ್ದು ನಿಂತಿತ್ತು, ಅದರ ಕೆಳಗೆ ಇಟ್ಟಿಗೆ. ಆ ಸಂದಿಯಲ್ಲಿ ಪಾರಿವಾಳಗಳಿಗೆ ದಾರಿಯಾಗಿತ್ತು. ಇಡೀ ಬೀದಿಯಲ್ಲಿ ನೆರಳೂ ನೀರೂ ಒಟ್ಟಿಗೆ ಸಿಗುವ ಜಾಗ ಅದೊಂದೇ. ಒಳಗಿನ ಅಂಚಿನ ಮೇಲೆ ಕಡ್ಡಿ ಸೇರಿಸಿ ಗೂಡು ಕಟ್ಟಿದ್ದವು. ನೀರಿನ ಮೇಲೆ ಗರಿ, ಹಿಕ್ಕೆ, ಗಾಳಿ ತಂದ ಧೂಳಿನ ಕೆನೆ. ಅಕ್ಕ ಮೇಲಿನಿಂದ ಕೂಗಿದ್ದು ನನಗೆ ಸರಿಯಾಗಿ ನೆನಪಿದೆ: "ದೇವರೇ! ಮಾರಾಯ್ತಿ, ಇದನ್ನು ನೋಡ್ಬೇಡ ನೀನು, ಊಟ ಸೇರುವುದಿಲ್ಲ!"

ಇಟ್ಟಿಗೆ ಏಕೆ ಬಂತು ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಚ್ಚಳ ಸ್ವಲ್ಪ ಎತ್ತಿಟ್ಟರೆ ಸಂಜೆಯ ಹೊತ್ತು ಆವಿ ಹೊರಹೋಗಿ ನೀರು ತಣ್ಣಗಾಗುತ್ತದೆ ಎಂಬ ಲೆಕ್ಕಾಚಾರ. ಜೂನ್‌ನಲ್ಲಿ ಅಣ್ಣನೂ ನಾನೂ ಮೇಲೆ ಹೋದಾಗ ನಮ್ಮಿಬ್ಬರಲ್ಲಿ ಒಬ್ಬರು ಹಾಗೆ ಹೇಳಿ, ಒಬ್ಬರು ಮಾಡಿದೆವು. ಈ ಬರಹಕ್ಕಾಗಿಯೇ ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಅವರು ಈಗ ದೋಹಾದಲ್ಲೇ ಸ್ವಂತ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ.

"ಆ ಥಿಯರಿ ನಿಮ್ಮದೇ ಮಾಷ್ಟ್ರೆ! ಆವಿ, ಒತ್ತಡ, ಎಂತೆಂತದೋ ಹೇಳಿದ್ರಿ. ನಾನು ಪಾಪದವ, ಕೇಳಿಕೊಂಡೆ."

"ಇಟ್ಟಿಗೆ ಇಟ್ಟಿದ್ದು?"

"ಇಟ್ಟಿಗೆ... ಅದು ನಾನು ಇಟ್ಟಿದ್ರೂ ಇಟ್ಟಿರಬಹುದು. ಬಿಡಿ, ಈಗ ಪೊಲೀಸ್ ಕೇಸ್ ಮಾಡ್ತೀರಾ?"

ಅಂದು ಮಾತ್ರ ಯಾರು ಯಾರನ್ನೂ ಕೇಳಲಿಲ್ಲ. ಹಿಂಬದಿಯ ಮೂರೂ ಮನೆಯವರು ಅಂಗಳದಲ್ಲಿ ಸೇರಿದ್ದರು. ಕೇರಳದವರ ಮನೆಯಾಕೆ ಮಗನ ತಲೆ ಸವರುತ್ತ ನಿಂತಿದ್ದರು. ನಾನು ಉಸ್ತುವಾರಿಗೆ ಫೋನ್ ಹಚ್ಚಿದೆ. "ಅಗಲೇ ಹಫ್ತೇ ಕ್ಲೀನಿಂಗ್ ವಾಲಾ ಭೇಜೂಂಗಾ" ಎಂದ. ತೊಳೆಯುವವನನ್ನು ಕಳಿಸುವ ಆ 'ಮುಂದಿನ ವಾರ' ಅವನ ಬಾಯಲ್ಲಿ ಯಾವ ವಾರವೆಂದು ನಮಗೆಲ್ಲ ಗೊತ್ತಿತ್ತು.

ಆಗ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಅವರ ಅಜ್ಜ ಬೊಂಬಾಯಿಯ ಬಟ್ಟೆ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವರು, ಅಜ್ಜಿ ಚಾಳಿನಲ್ಲಿ ಸಂಸಾರ ಮಾಡಿದವರು. ಒಂದು ಮಾಳಿಗೆಗೆ ಒಂದು ದೊಡ್ಡ ಪೀಪಾಯಿ. ಅದನ್ನು ತೊಳೆಯುವ ದಿನ ಮನೆಗೊಬ್ಬರು ಬರಲೇಬೇಕಿತ್ತಂತೆ. ಗಂಡಸರು ಪಾಳಿಯಲ್ಲಿದ್ದರೆ ಹೆಂಗಸರು, ಹೆಂಗಸರಿಗೆ ಆಗದಿದ್ದರೆ ಮಕ್ಕಳು. ಬಾರದ ಮನೆಯವರಿಗೆ ಅವತ್ತು ನೀರಿಲ್ಲ.

"ಹಾಗೆಯೇ ಮಾಡುವ. ನಾಳೆ ಶುಕ್ರವಾರ. ಬೆಳಿಗ್ಗೆ ಐದಕ್ಕೆ ಮನೆಗೊಬ್ಬರು. ಮುಂದಿನವರೂ ಬರ್ಲಿಕ್ಕುಂಟು," ಎಂದರು ಅಕ್ಕ.

"ಮುಂದಿನ ಟ್ಯಾಂಕು ಸರಿ ಉಂಟಲ್ಲ," ಎಂದರು ಅಣ್ಣ. ರಜೆಯ ಬೆಳಗಿನ ನಿದ್ದೆ ಅವರಿಗೆ ಪ್ರಿಯ.

"ಇವತ್ತು ಸರಿ ಉಂಟು. ನೀವು ಮೊದಲು ಬರ್ಬೇಕು. ಮೇಲೆ ಓಡಾಡಿದ್ದು ನೀವಿಬ್ಬರೇ."

ಅದೊಂದೇ ಮಾತು. ಮತ್ತೆ ಆ ವಿಷಯ ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರು ಮನೆಗಳಿಂದ ಎಂಟು ಜನ ಬಂದರು. ಆ ಎಂಟು ಎಂಬ ಸಂಖ್ಯೆಯನ್ನು ನಾನು ನಂಬುತ್ತೇನೆ, ಏಕೆಂದರೆ ಆಮೇಲೆ ಚಹಾಕ್ಕೆ ಲೋಟ ಸಾಲದೆ ಇಬ್ಬರು ಅಳತೆಯ ಡಬ್ಬಿಯಲ್ಲಿ ಕುಡಿದರು. ಪಾರಿವಾಳದ ಗೂಡಿನಲ್ಲಿ ಮೊಟ್ಟೆ ಇರಲಿಲ್ಲ, ಅದು ಎಲ್ಲರಿಗೂ ಸಮಾಧಾನ. ಟ್ಯಾಂಕು ಖಾಲಿ ಮಾಡಿದೆವು. ಸಪೂರ ಇದ್ದವನು ನಾನೊಬ್ಬನೇ ಆದ್ದರಿಂದ ಒಳಗೆ ಇಳಿದೆ. ಸೂರ್ಯ ಇನ್ನೂ ಪೂರ್ತಿ ಏರಿರಲಿಲ್ಲ, ಆದರೂ ಒಳಗೆ ಒಲೆಯ ಮೇಲಿಟ್ಟ ಪಾತ್ರೆಯಂತೆ ಬಿಸಿ. ಬ್ಲೀಚಿನ ಘಾಟಿಗೆ ಕಣ್ಣಲ್ಲಿ ನೀರು. ಮೇಲಿನಿಂದ ಅಣ್ಣ ಬಕೆಟ್ ಇಳಿಸುತ್ತ, "ಮಾಷ್ಟ್ರೆ, ಮೂಲೆ ಬಿಟ್ರಿ, ಮೂಲೆ! ಪ್ರಬಂಧ ಬರೆದ ಹಾಗೆ ತೊಳೀಬೇಡಿ. ಯಲ್ಲಾ, ಯಲ್ಲಾ!" ಎಂದು ಅವಸರಪಡಿಸುತ್ತಿದ್ದರು. ಮೂರು ಸಲ ತೊಳೆದು ಬಸಿದೆವು. ಮುಚ್ಚಳಕ್ಕೆ ಅವರೇ ನಾಲ್ಕು ಬೋಲ್ಟು ಹಾಕಿದರು. ಗೀಸರುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಒಳಗಿನ ನೀರು ಚೆಲ್ಲಿದರು. ಅದರಿಂದ ಬಂದ ಮಡ್ಡಿಯನ್ನು ನನ್ನ ಹೆಂಡತಿ ಬಗ್ಗಿ ನೋಡಿದಳು.

ಅಂದಿನಿಂದ ಬಾಟಲಿಗಳನ್ನು ಕ್ಯಾನ್ ನೀರಿನಲ್ಲಿ ತೊಳೆದು ಕುದಿಸುವುದು ರೂಢಿಯಾಯಿತು. ಪ್ರತಿ ತಿಂಗಳ ಮೊದಲ ಶುಕ್ರವಾರ ಮನೆಗೊಬ್ಬರು ಚಾವಣಿಗೆ ಹೋಗುವುದೂ ರೂಢಿಯಾಯಿತು. ಮುಂದಿನವರು ಹಿಂದಿನ ಟ್ಯಾಂಕು ನೋಡುವುದು, ಹಿಂದಿನವರು ಮುಂದಿನದನ್ನು. ಅದು ಅಕ್ಕನ ಏರ್ಪಾಡು. ತಮ್ಮ ಟ್ಯಾಂಕನ್ನು ತಾವೇ ನೋಡಿದರೆ ಎಲ್ಲರಿಗೂ ಎಲ್ಲ ಸರಿಯಾಗಿಯೇ ಕಾಣುತ್ತದೆ ಎಂದು ಅವರ ಅಭಿಪ್ರಾಯ.

ಮಗಳಿಗೆ ಆ ವಾರ ಭೇದಿಯಾಗಲಿಲ್ಲ. ಎರಡನೇ ವಾರವೂ ಆಗಲಿಲ್ಲ. ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿಯ ಮುಖ ನೋಡುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು, ನಾನು ಬಸ್ಸಿಗೆ ಓಡುತ್ತಿದ್ದೆ. ಒಂದು ಬೆಳಿಗ್ಗೆ ಮಗಳು ದೋಸೆಯ ಚೂರು ಕೇಳಿ ಕೇಳಿ ತಿಂದು, ನನ್ನ ತಟ್ಟೆಯಿಂದಲೂ ಕಿತ್ತುಕೊಂಡಳು. ಹಾಗೆ ಕಿತ್ತುಕೊಳ್ಳುವಷ್ಟು ಶಕ್ತಿ ಅವಳ ಕೈಗೆ ಬಂದದ್ದನ್ನು ನೋಡುತ್ತ ಕೂತೆ. ಬಸ್ಸು ತಪ್ಪಿಹೋಯಿತು.

ಮುಂದಿನ ಚಳಿಗಾಲದಲ್ಲಿ ನಕ್ಷೆಯ ಕೊಳವೆ ನಮ್ಮ ಬೀದಿಗೂ ಬಂತು. ಗೇಟಿನ ಮುಂದೆ ಕಂದಕ ತೋಡಿದರು. ನಾನು ಕಚೇರಿಗೆ ಹೋಗುವ ಮುನ್ನ ನಿಂತು ನೋಡುತ್ತಿದ್ದೆ. ಮುದ್ರೆ ಹೊಡೆದು ಕಳಿಸಿದ ಕಾಗದದ ಗೆರೆಯೊಂದು ನಿಜವಾಗಿ ಮಣ್ಣಿನೊಳಗೆ ಇಳಿಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅದನ್ನು ಇಳಿಸುತ್ತಿದ್ದವರು ಊರಾಚೆಯ ಕಾರ್ಮಿಕರ ಕ್ಯಾಂಪುಗಳಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಚಾವಣಿಯ ಟ್ಯಾಂಕು ಹೇಗಿದೆ ಎಂದು ಒಮ್ಮೆ ಒಬ್ಬನನ್ನು ಹಿಂದಿಯಲ್ಲಿ ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, "ಅಚ್ಛಾ ಹೈ, ನಾವೇ ತೊಳೀತೀವಿ" ಎಂಬರ್ಥದಲ್ಲಿ ಏನೋ ಹೇಳಿದ. ಖುಷಿಯಾಯಿತು. ನನ್ನ ಪ್ರಬಂಧದಲ್ಲಿ ಪಟ್ಟಣಗಳನ್ನು ಕಾಯಿದೆಗಳೂ ಕಮಿಷನರುಗಳೂ ಸುಧಾರಿಸಿದ್ದರು. ಮನೆಗೊಬ್ಬರಂತೆ ಬಂದು ಪೀಪಾಯಿ ತೊಳೆದವರ ಹೆಸರು ಅದರಲ್ಲಿ ಒಂದೂ ಇರಲಿಲ್ಲ. ಅವರು ಏನೂ ಬರೆದಿಡದೆ ಹೋದದ್ದರಿಂದ ಇರಬಹುದು, ನಾನು ಹುಡುಕದೆ ಇದ್ದದ್ದರಿಂದಲೂ ಇರಬಹುದು.

ನಾವೀಗ ಬಿನ್ ಒಮ್ರಾನ್‌ನ ಒಂದು ಫ್ಲ್ಯಾಟಿನಲ್ಲಿದ್ದೇವೆ. ಗೋಡೆ ಗೋಡೆಯಂತೆಯೇ ಇದೆ. ಅಜೀಜಿಯಾದ ಆ ವಿಲ್ಲಾದ ಹಲಗೆಗಳನ್ನೆಲ್ಲ ಕಿತ್ತು, ಈಗ ಅದರಲ್ಲಿ ಒಂದೇ ಕುಟುಂಬವಿದೆ. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಮಗಳಿಗೆ ತೋರಿಸಿದೆ. "ಅಪ್ಪಾ, ಇಷ್ಟ್ ಬಿಗ್ ಹೌಸಲ್ಲಿ ಇದ್ವಾ ನಾವು?" ಎಂದು ಬೆರಗಾದಳು. ಹೌದು ಎಂದೆ.

ಈ ಬರಹವನ್ನು ಹೆಂಡತಿಗೆ ಓದಲು ಕೊಡುವಾಗ, ಇದರ ಕೊನೆಯಲ್ಲಿ ಇನ್ನೊಂದು ಭಾಗ ಇತ್ತು. ವಿಮಾನ ನಿಲ್ದಾಣದಲ್ಲಿ ಅವಳನ್ನೂ ಮಗಳನ್ನೂ ಬೀಳ್ಕೊಟ್ಟದ್ದು, ಟ್ರಾಲಿಯ ಮೇಲೆ ಮಗಳು ಕೂತಿದ್ದದ್ದು, ಗಾಜಿನ ಬಾಗಿಲು ಮುಚ್ಚಿಕೊಂಡದ್ದು. ಟ್ಯಾಂಕು ತೊಳೆದ ಮೇಲೂ ಅವಳಿಗೆ ನಂಬಿಕೆ ಬಾರದೆ ಎರಡು ತಿಂಗಳು ಊರಿಗೆ ಹೋಗಿದ್ದಳು, ಆಮೇಲೆ ಮನಸ್ಸು ಬದಲಿಸಿ ಬಂದಳು ಎಂದು ಬರೆದಿದ್ದೆ. ಅವಳು ಆ ಪುಟಗಳನ್ನು ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ನಾನ್ಯಾವಾಗ ಹೋದೆ?"

"ಹೋಗ್ಲಿಲ್ವಾ? ಟಿಕೆಟ್ ಇತ್ತಲ್ಲ."

"ಇತ್ತು. ನೀವು ಟ್ಯಾಂಕೊಳಗಿಂದ ಕೆಂಪು ಕಣ್ಣು ಮಾಡ್ಕೊಂಡು ಎದ್ದು ಬಂದ್ರಲ್ಲ, ಅವತ್ತೇ ಬೇಡ ಅಂದೆ. ನಿಮಗೆ ಕೇಳಿಸ್ಲಿಲ್ವೋ ಏನೋ. ಏರ್‌ಪೋರ್ಟಿಗೆ ಬಿಟ್ಟು ಬಂದಿದ್ದು ನಮ್ಮಮ್ಮನ್ನ, ಅದೂ ಎರಡು ವರ್ಷ ಆದ್ಮೇಲೆ."

ಹತ್ತು ವರ್ಷಗಳಿಂದ ನಾನು ಅವಳು ಹೋದಳು ಎಂದೇ ನಂಬಿಕೊಂಡಿದ್ದೆ. ಅದಕ್ಕಾಗಿ ಒಳಗೊಳಗೇ ಅವಳನ್ನು ಕ್ಷಮಿಸಿಯೂ ಇದ್ದೆ. ಅವಳ ಮಾತನ್ನು ನಂಬಬೇಕು ಅನ್ನಿಸಿತು, ಆದರೆ ನನಗೆ ಹಿತವಾದದ್ದನ್ನು ನಾನು ಬೇಗ ನಂಬುತ್ತೇನೆ ಎಂಬುದೂ ಗೊತ್ತಿದೆ. ಬೀರುವಿನಲ್ಲಿ ಕಡತಗಳ ಅಡಿಯಿಂದ ಮಗಳ ಮೊದಲ ಪಾಸ್‌ಪೋರ್ಟ್ ತೆಗೆದೆ. ಅವಧಿ ಮುಗಿದದ್ದು, ಮೂಲೆ ಕತ್ತರಿಸಿದ್ದು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಪುಟ ನೋಡಿದೆ. ಬೆಂಗಳೂರಿನಿಂದ ಹೊರಟ ಮುದ್ರೆ ಆ ಬೇಸಿಗೆಗೆ ಹಿಂದಿನ ಡಿಸೆಂಬರಿನದು, ಅವಳಿಗೆ ಎಂಟು ತಿಂಗಳಾಗಿದ್ದಾಗ. ಅದರ ನಂತರ ಬೆಂಗಳೂರಿನಲ್ಲಿ ಇಳಿದ ಮೊದಲ ಮುದ್ರೆ ಹದಿನಾರು ತಿಂಗಳಾದ ಮೇಲಿನ ಏಪ್ರಿಲ್‌ನದು, ಅದರ ಪಕ್ಕದಲ್ಲಿಟ್ಟು ನೋಡಿದ ನನ್ನ ಪಾಸ್‌ಪೋರ್ಟಿನಲ್ಲೂ ಅದೇ ದಿನದ ಮುದ್ರೆ ಇದೆ. ಆ ಬೇಸಿಗೆಯಲ್ಲಿ ಅವರಿಬ್ಬರೂ ಎಲ್ಲಿಗೂ ಹೋಗಿರಲಿಲ್ಲ.